ಹಳೆಯ ಆಟೋಮ್ಯಾಟಿಕ್ ಕಾರಿನ ಗೇರ್‌ಬಾಕ್ಸ್ ಪ್ಯಾನ್ ಸೋರುತ್ತಿದೆಯಾ? ಬಿಚ್ಚಿ, ತೊಳೆದು, ಮತ್ತೆ ಕೂರಿಸುವ ಬಗೆ

ಪಾರ್ಕಿಂಗ್ ಜಾಗದಲ್ಲಿ ಕೆಂಪು ಹನಿ ಕಂಡು ಗ್ಯಾರೇಜಿಗೆ ಹೋದರೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾತು ಕೇಳಿಬರುತ್ತದೆ. "ಬೋಲ್ಟ್ ಟೈಟ್ ಮಾಡ್ಕೊಡ್ತೀನಿ ಬಿಡಿ ಸಾರ್, ಐದು ನಿಮಿಷದ ಕೆಲಸ." ಇಲ್ಲವೇ, "ಆಟೋಮ್ಯಾಟಿಕ್ ಅಲ್ವಾ ಸಾರ್, ಗೇರ್‌ಬಾಕ್ಸ್ ಇಳಿಸ್ಬೇಕಾಗತ್ತೆ." ಎರಡಕ್ಕೂ ಬೇಗ ತಲೆಯಾಡಿಸಬೇಡಿ. ಪ್ಯಾನ್ ಅಂದರೆ ಗೇರ್‌ಬಾಕ್ಸಿನ ತಳಕ್ಕೆ ಬೋಲ್ಟ್ ಹಾಕಿ ಕೂರಿಸಿದ, ಎಣ್ಣೆ ನಿಲ್ಲುವ ತಗಡಿನ ತಟ್ಟೆ. ಅದರ ಸೋರಿಕೆ ನಿಲ್ಲಿಸಲು ಗೇರ್‌ಬಾಕ್ಸ್ ಇಳಿಸುವ ಅಗತ್ಯವೇ ಇಲ್ಲ. ಇನ್ನು ಬೋಲ್ಟ್ ಬಿಗಿ ಮಾಡುವ ವಿಷಯಕ್ಕೆ ಬಂದರೆ, ಹಳೆಯ ಗಾಡಿಗಳಲ್ಲಿ ಎಷ್ಟೋ ಸಲ ಪ್ಯಾನ್ ಸೋರಲು ಶುರುವಾಗುವುದೇ ಯಾರೋ ಹಿಂದೆ ಹಾಗೆ ಬಿಗಿ ಮಾಡಿದ್ದರಿಂದ. ತಗಡಿನ ಅಂಚು ಬಗ್ಗುತ್ತದೆ, ನಡುವಿನ ಪ್ಯಾಕಿಂಗ್ (ಗ್ಯಾಸ್ಕೆಟ್) ಹಿಸುಕಿಕೊಂಡು ಸೀಳುತ್ತದೆ, ಹನಿ ಜಾಸ್ತಿಯಾಗುತ್ತದೆ. ಆಮೇಲೆ ಇನ್ನೊಬ್ಬರು ಇನ್ನಷ್ಟು ಬಿಗಿ ಮಾಡುತ್ತಾರೆ.

ಮನೆಯಲ್ಲೇ ಮಾಡಬಹುದಾದ ಕೆಲಸ ಇದು. ಕಷ್ಟದ್ದಲ್ಲ, ಆದರೆ ಗಲೀಜು. ಒಂದು ಭಾನುವಾರ ಪೂರ್ತಿ ಇದಕ್ಕೇ ಇಟ್ಟುಕೊಳ್ಳಿ. ಪ್ಯಾಕಿಂಗ್ ಬದಲು ಸೀಲ್ ಮಾಡುವ ಪೇಸ್ಟ್ ಬಳಸುವ ಪ್ಯಾನ್ ಆದರೆ ಅದು ಗಟ್ಟಿಯಾಗುವ ತನಕ ಕಾಯಬೇಕು, ಸೋಮವಾರ ಆಫೀಸಿಗೆ ಮೆಟ್ರೋ ಅಂದುಕೊಳ್ಳಿ.

ಸೋರುತ್ತಿರುವುದು ನಿಜವಾಗಿ ಪ್ಯಾನೇನಾ?

ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ, ಅಂದರೆ ಎಟಿಎಫ್, ಹೊಸದಿದ್ದಾಗ ಸಾಮಾನ್ಯವಾಗಿ ಕೆಂಪು. ಹಳೆಯದಾದಂತೆ ಕಂದು ಬಣ್ಣಕ್ಕೆ ತಿರುಗುತ್ತದೆ. ಎಂಜಿನ್ ಆಯಿಲ್ ಕಪ್ಪಗಿರುತ್ತದೆ, ಕೂಲಂಟ್ ನೀರು ನೀರಾಗಿ ಹಸಿರೋ ಗುಲಾಬಿಯೋ ಇರುತ್ತದೆ. ಎಸಿಯಿಂದ ಬೀಳುವುದು ಬರೀ ನೀರು. ಎಡವಟ್ಟಾಗುವುದು ಪವರ್ ಸ್ಟೀರಿಂಗ್ ವಿಷಯದಲ್ಲಿ. ಹಳೆಯ ಎಷ್ಟೋ ಕಾರುಗಳಲ್ಲಿ ಅದಕ್ಕೂ ಎಟಿಎಫ್ಫೇ ಹಾಕಿರುತ್ತಾರೆ. ಕೆಂಪು ಹನಿ ಕಂಡರೆ ಬಾನೆಟ್ ತೆಗೆದು ಸ್ಟೀರಿಂಗ್ ಎಣ್ಣೆಯ ಡಬ್ಬಿಯ ಮಟ್ಟವನ್ನೂ ನೋಡಿಬಿಡಿ.

ಎಣ್ಣೆ ಸೋರುವ ಜಾಗ ಒಂದು, ಹನಿ ಬೀಳುವ ಜಾಗ ಇನ್ನೊಂದು. ಮೇಲೆಲ್ಲೋ ಜಿನುಗಿದ್ದು ಇಳಿದು ಬಂದು ಪ್ಯಾನಿನ ಅಂಚಿನಲ್ಲಿ ನಿಲ್ಲುತ್ತದೆ, ಅಲ್ಲಿಂದ ಬೀಳುತ್ತದೆ. ನೋಡಿದವರಿಗೆ ಪ್ಯಾನೇ ಸೋರುತ್ತಿದೆ ಅನ್ನಿಸುತ್ತದೆ. ಡಿಪ್‌ಸ್ಟಿಕ್ (ಎಣ್ಣೆಯ ಮಟ್ಟ ನೋಡುವ ಕಡ್ಡಿ) ಟ್ಯೂಬಿನ ಬುಡದ ರಿಂಗ್, ರೇಡಿಯೇಟರ್ ಕಡೆಗೆ ಹೋಗುವ ಕೂಲರ್ ಹೋಸ್, ಗೇರ್ ಲಿವರಿನ ಶಾಫ್ಟ್ ಸೀಲ್, ಆಕ್ಸಲ್ ಸೀಲ್, ಸ್ಪೀಡ್ ಸೆನ್ಸರ್ ರಿಂಗ್, ಇವೆಲ್ಲ ಅನುಮಾನದ ಪಟ್ಟಿಯಲ್ಲಿ ಇರಲೇಬೇಕು. 1990ರ ದಶಕದ ಕೊನೆಯ ಮರ್ಸಿಡಿಸ್‌ಗಳ 5 ಸ್ಪೀಡ್ ಬಾಕ್ಸಿನಲ್ಲಿ ಪ್ಯಾನಿಗಿಂತ ಸ್ವಲ್ಪ ಮೇಲೆ 13 ಪಿನ್ನಿನ ಒಂದು ಎಲೆಕ್ಟ್ರಿಕಲ್ ಕನೆಕ್ಟರ್ ಇದೆ. ಅದರ ರಿಂಗ್ ಗಟ್ಟಿಯಾಗಿ ಎಣ್ಣೆ ಬಿಡುವುದು ಆ ಗಾಡಿ ಇಟ್ಟುಕೊಂಡವರಿಗೆಲ್ಲ ಗೊತ್ತಿರುವ ಕಥೆ. ಸುಮ್ನೆ ಪ್ಯಾನ್ ಪ್ಯಾಕಿಂಗ್ ಬದಲಾಯಿಸಿದರೆ ದುಡ್ಡು ದಂಡ, ಹನಿ ಅಲ್ಲೇ. ಎಂಜಿನ್ನೂ ಗೇರ್‌ಬಾಕ್ಸೂ ಸೇರುವ ಕಡೆಯಿಂದ ಕೆಂಪೆಣ್ಣೆ ಇಳಿಯುತ್ತಿದ್ದರೆ ಮಾತ್ರ ಅದು ಗೇರ್‌ಬಾಕ್ಸಿನ ಮುಂಭಾಗದ ಪಂಪ್ ಸೀಲ್ ಇರಬಹುದು. ಅದಕ್ಕೆ ಗೇರ್‌ಬಾಕ್ಸ್ ಇಳಿಸಲೇಬೇಕು, ಮೆಕ್ಯಾನಿಕ್ ಹೇಳಿದ್ದು ಸರಿ.

ಪತ್ತೆ ಹಚ್ಚಲು ದುಬಾರಿ ಸಾಮಾನೇನೂ ಬೇಡ. ಎಂಜಿನ್ ತಣ್ಣಗಿರುವಾಗ ಪ್ಯಾನ್ ಮತ್ತು ಸುತ್ತಮುತ್ತಲ ಜಾಗವನ್ನು ಡೀಗ್ರೀಸರ್ ಹಾಕಿ ಬ್ರಷ್‌ನಲ್ಲಿ ಉಜ್ಜಿ ಒರೆಸಿ. ಪೂರ್ತಿ ಒಣಗಲಿ. ಆಮೇಲೆ ಪ್ಯಾನಿನ ಅಂಚಿಗೂ ಅದರ ಮೇಲಿನ ಭಾಗಕ್ಕೂ ಮನೆಯಲ್ಲಿರುವ ಟಾಲ್ಕಂ ಪೌಡರ್ ಎರಚಿ. ಒಂದು ಇಪ್ಪತ್ತು ನಿಮಿಷ ಓಡಿಸಿ ಬಂದು ಟಾರ್ಚ್ ಹಿಡಿದು ನೋಡಿ. ಬಿಳಿ ಪೌಡರ್ ಮೇಲೆ ಕೆಂಪು ಗೆರೆ ಎಲ್ಲಿಂದ ಶುರುವಾಗಿದೆ ಅನ್ನುವುದು ಎದ್ದು ಕಾಣುತ್ತದೆ. ಗೆರೆ ಅಂಚಿನ ಕೂಡಿನಿಂದಲೇ ಹೊರಟಿದ್ದರೆ ಪ್ಯಾಕಿಂಗ್. ಪ್ಯಾನಿನ ತಳದ ಡ್ರೇನ್ ಬೋಲ್ಟಿನ (ಎಣ್ಣೆ ಇಳಿಸುವ ಬೋಲ್ಟ್) ಸುತ್ತ ಮಾತ್ರ ಒದ್ದೆಯಿದ್ದರೆ ಅದರ ವಾಷರ್. ಅದಾದರೆ ವಾಷರ್ ಹೊಸದು ಹಾಕಿದರೆ ಮುಗಿಯಿತು.

ಎಣ್ಣೆಯ ಮಟ್ಟವನ್ನೂ ಈಗಲೇ ನೋಡಿಕೊಳ್ಳಿ. ಮಟ್ಟ ಮೀರಿ ತುಂಬಿದ್ದರೆ ಒಳಗೆ ನೊರೆ ಎದ್ದು ಗಾಳಿ ಕಿಂಡಿಯಿಂದ ಉಗುಳುತ್ತದೆ. ಅದೂ ಕೆಳಗಿಳಿದು ಪ್ಯಾನ್ ಸೋರಿದ ಹಾಗೇ ಕಾಣುತ್ತದೆ.

ಇನ್ನೊಂದು ಮಾತು. ಎಲ್ಲ ಆಟೋಮ್ಯಾಟಿಕ್‌ಗಳಿಗೂ ಬಿಚ್ಚುವ ಪ್ಯಾನ್ ಇರುವುದಿಲ್ಲ. ಹಳೆಯ ಹೋಂಡಾ ಅಕಾರ್ಡ್‌ನಂಥವಕ್ಕೆ ಡ್ರೇನ್ ಬೋಲ್ಟ್ ಇದೆ ಅಷ್ಟೇ, ತಳದಲ್ಲಿ ತಗಡಿನ ಪ್ಯಾನ್ ಇಲ್ಲ. ನಿಮ್ಮದು ಅಂಥದ್ದಾದರೆ ಮುಂದಿನದೆಲ್ಲ ನಿಮಗಲ್ಲ.

ಬಿಚ್ಚುವ ಮೊದಲೇ ಸಾಮಾನು ತಂದಿಡಿ

ಪ್ಯಾನ್ ಇಳಿಸಿದ ಮೇಲೆ ಗಾಡಿ ಅಲ್ಲಾಡುವುದಿಲ್ಲ. ಅದಕ್ಕೇ ಮೊದಲು ಬಿಡಿಭಾಗದ ಅಂಗಡಿಗೆ, ಬೆಂಗಳೂರಿನವರಾದರೆ ಜೆ.ಸಿ. ರಸ್ತೆಗೆ, ಹೋಗಿಬನ್ನಿ. ಹೋಗುವಾಗ ಆರ್‌ಸಿಯ ಫೋಟೋ, ಚಾಸಿ ನಂಬರ್, ಕೆಳಗಿನಿಂದ ತೆಗೆದ ಪ್ಯಾನಿನ ಫೋಟೋ ಮೂರೂ ಫೋನಿನಲ್ಲಿರಲಿ. ಒಂದೇ ಮಾಡೆಲ್ಲಿಗೆ ವರ್ಷ ಬದಲಾದಂತೆ ಬೇರೆ ಗೇರ್‌ಬಾಕ್ಸ್ ಬಂದಿರುವುದುಂಟು. ಬೋಲ್ಟ್ ತೂತು ಎಷ್ಟಿವೆ, ಪ್ಯಾನಿನ ಆಕಾರ ಹೇಗಿದೆ ಅಂತ ಹೊಂದಿಸಿ ನೋಡಿಯೇ ಪ್ಯಾಕಿಂಗ್ ತೆಗೆದುಕೊಳ್ಳಿ.

ತರಬೇಕಾದ್ದು ಇಷ್ಟು: ಪ್ಯಾನ್ ಪ್ಯಾಕಿಂಗ್, ಎಟಿಎಫ್ ಫಿಲ್ಟರ್ ಮತ್ತು ಅದರ ರಿಂಗ್, ಡ್ರೇನ್ ಬೋಲ್ಟ್ ವಾಷರ್, ಸರಿಯಾದ ಎಟಿಎಫ್, ಬ್ರೇಕ್ ಕ್ಲೀನರ್ ಒಂದು ಡಬ್ಬಿ, ಪ್ಲಾಸ್ಟಿಕ್ ಕೆರೆಯುವ ಪಟ್ಟಿ, ಉದ್ದನೆಯ ಸಪೂರ ಫನಲ್. ಮನೆಯಲ್ಲಿ 10 ಎಂಎಂ ಸಾಕೆಟ್, ಸಣ್ಣ ಟಾರ್ಕ್ ರೆಂಚ್ (ಎಷ್ಟು ಬಲದಲ್ಲಿ ಬಿಗಿದಿರಿ ಅಂತ ತೋರಿಸುವ ರೆಂಚ್), ಅಗಲವಾದ ಪ್ಲಾಸ್ಟಿಕ್ ಬೇಸಿನ್, ಅಳತೆಗೆ ಲೀಟರ್ ಬಾಟಲಿಗಳು, ಹಳೇ ಪೇಪರ್ ಇರಲಿ.

ಎಟಿಎಫ್ ಆರಿಸುವಾಗ ಮಾತ್ರ ಹಠ ಹಿಡಿಯಿರಿ. "ಎಲ್ಲಾ ಒಂದೇ ಸಾರ್, ಕೆಂಪಗಿದ್ರೆ ಆಯ್ತು" ಅಂದರೆ ನಂಬಬೇಡಿ. 4 ಸ್ಪೀಡಿನ ಹಳೆಯ ಹ್ಯುಂಡೈ, ಮಿತ್ಸುಬಿಷಿಗಳು ಕೇಳುವುದು ಎಸ್‌ಪಿ-3. 2000ರ ದಶಕದ ಹಲವು ಟೊಯೋಟಾಗಳು ಟೈಪ್ ಟಿ-4. ಇನ್ನೂ ಹಳೆಯ ಹಲವು ಗಾಡಿಗಳ ಪುಸ್ತಕದಲ್ಲಿ ಡೆಕ್ಸ್ರಾನ್ 2 ಅಥವಾ 3 ಅಂತ ಬರೆದಿರುತ್ತದೆ. ಒಳಗಿನ ಕ್ಲಚ್ ಪ್ಲೇಟುಗಳು ಎಷ್ಟು ಜಾರಬೇಕು, ಯಾವಾಗ ಹಿಡಿಯಬೇಕು ಅನ್ನುವುದು ಈ ಎಣ್ಣೆಯ ಗುಣದ ಮೇಲೆ ನಿಂತಿದೆ. ಬೇರೆಯದು ಸುರಿದರೆ ಗೇರ್ ಬೀಳುವಾಗ ಒದೆತ, ನಡುಕ. ಮ್ಯಾನ್ಯುವಲ್ ಗೇರ್‌ಬಾಕ್ಸಿಗೆ ಹಾಕುವ ದಪ್ಪನೆಯ 80ಡಬ್ಲ್ಯು-90 ಗೇರ್ ಆಯಿಲ್ ಅಂತೂ ಹತ್ತಿರಕ್ಕೂ ತರಬೇಡಿ. ಅಂಗಡಿಯಲ್ಲಿ ಬರೀ "ಗೇರ್ ಆಯಿಲ್" ಅಂತ ಕೇಳಿದರೆ ಕೈಗೆ ಬರುವುದು ಅದೇ.

ಸೋರಿಕೆ ನಿಲ್ಲಿಸುವ ಡಬ್ಬಿ ಔಷಧಿಗಳೂ ಸಿಗುತ್ತವೆ. ಅವು ರಬ್ಬರ್ ಸೀಲ್‌ಗಳನ್ನು ಉಬ್ಬಿಸುತ್ತವೆ ಅಷ್ಟೇ. ಬಗ್ಗಿದ ತಗಡಿಗೂ ಸೀಳಿದ ಕಾರ್ಕ್ ಪ್ಯಾಕಿಂಗಿಗೂ ಅವುಗಳಿಂದ ಏನೂ ಆಗದು.

ಗಾಡಿ ಎತ್ತುವುದು

ಇಲ್ಲಿ ತಮಾಷೆ ಬೇಡ. ಸಮತಟ್ಟಾದ ಕಾಂಕ್ರೀಟ್ ನೆಲ ಬೇಕು. ಇಳಿಜಾರಿನ ರ‍್ಯಾಂಪ್ ಆಗದು, ಕಿತ್ತು ಮುಚ್ಚಿದ ರಸ್ತೆ ಬದಿಯೂ ಆಗದು. ಮುಂಭಾಗ ಎತ್ತುವುದಾದರೆ ಹಿಂದಿನ ಎರಡೂ ಚಕ್ರಕ್ಕೆ ಹಿಂದೂ ಮುಂದೂ ಕಲ್ಲು ಕೊಡಿ. ಲಿವರ್ ಪಾರ್ಕಿಗೆ ಹಾಕಿ ಹ್ಯಾಂಡ್‌ಬ್ರೇಕ್ ಎಳೆಯಿರಿ. ಜಾಕ್ ಎತ್ತುವುದಕ್ಕೆ ಮಾತ್ರ. ನೀವು ಕೆಳಗೆ ಮಲಗುವಾಗ ಭಾರ ಜಾಕ್ ಸ್ಟ್ಯಾಂಡಿನ ಮೇಲೆಯೇ ಇರಬೇಕು. ಇಟ್ಟಿಗೆಯಾಗಲಿ ಸಿಮೆಂಟ್ ಬ್ಲಾಕಾಗಲಿ ಬೇಡವೇ ಬೇಡ, ಅವು ಸದ್ದಿಲ್ಲದೆ ಒಡೆಯುತ್ತವೆ. ಸ್ಟೆಪ್ನಿ ಚಕ್ರವನ್ನೂ ಬಾಡಿಯ ಅಡಿಗೆ ತಳ್ಳಿಡಿ. ಗಾಡಿಯನ್ನು ಕೈಯಲ್ಲಿ ಜೋರಾಗಿ ಅಲ್ಲಾಡಿಸಿ ನೋಡಿ, ಆಮೇಲೆ ಒಳಗೆ ಹೋಗಿ. ಮನೆಯವರಿಗೆ ಒಂದು ಮಾತು ಹೇಳಿ ಹೋಗಿ.

ಎಣ್ಣೆ ಸ್ವಲ್ಪ ಬೆಚ್ಚಗಿದ್ದರೆ ಚೆನ್ನಾಗಿ ಇಳಿಯುತ್ತದೆ. ಆದರೆ ಟ್ರಾಫಿಕ್‌ನಲ್ಲಿ ಓಡಿಸಿ ಬಂದ ತಕ್ಷಣ ಅದು 80 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಸೈಲೆನ್ಸರ್ ಪೈಪ್ ಇನ್ನೂ ಬಿಸಿ. ಒಂದೆರಡು ಗಂಟೆ ಬಿಡಿ.

ಎಣ್ಣೆ ಇಳಿಸಿ ಪ್ಯಾನ್ ತೆಗೆಯುವುದು

ಡ್ರೇನ್ ಬೋಲ್ಟ್ ಇದ್ದರೆ ಅದೃಷ್ಟ. ಇಲ್ಲದಿದ್ದರೆ ಡಿಪ್‌ಸ್ಟಿಕ್ ಟ್ಯೂಬಿಗೆ ಸಣ್ಣ ಪೈಪ್ ಇಳಿಸಿ ಕೈ ಪಂಪಿನಲ್ಲಿ ಆದಷ್ಟು ಎಳೆದುಕೊಳ್ಳಿ. ಆಮೇಲೆ ಬೇಸಿನ್ ಇಟ್ಟು, ಒಂದು ಮೂಲೆಯ ಬೋಲ್ಟುಗಳನ್ನು ತೆಗೆದು, ಅದರ ಎದುರು ಕಡೆಯವನ್ನು ಎರಡು ಮೂರು ಸುತ್ತು ಮಾತ್ರ ಸಡಿಲಿಸಿ. ಪ್ಯಾನ್ ವಾಲಿ, ಎಣ್ಣೆ ತೆಗೆದ ಮೂಲೆಯಿಂದ ಇಳಿಯುತ್ತದೆ. ಎಲ್ಲ ಬೋಲ್ಟೂ ಒಟ್ಟಿಗೆ ಬಿಚ್ಚಿದರೆ ಸ್ನಾನ ಗ್ಯಾರಂಟಿ. ಪ್ಯಾನ್ ಅಂಟಿಕೊಂಡಿದ್ದರೆ ರಬ್ಬರ್ ಸುತ್ತಿಗೆಯಲ್ಲಿ ಪಕ್ಕಕ್ಕೆ ತಟ್ಟಿ, ತೆಳ್ಳಗಿನ ಪೇಂಟ್ ಪಟ್ಟಿ ತೂರಿಸಿ. ಸ್ಕ್ರೂಡ್ರೈವರ್ ತುರುಕಿ ಮೀಟಿದರೆ ಅಲ್ಯುಮಿನಿಯಂ ಬಾಡಿಗೆ ಗೀರು ಬೀಳುತ್ತದೆ, ಆ ಗೀರೇ ಮುಂದೆ ಹೊಸ ಸೋರಿಕೆಯ ದಾರಿ.

ಇಳಿದ ಎಣ್ಣೆಯನ್ನು ಅಳೆದು ಬರೆದಿಡಿ. ಗೇರ್‌ಬಾಕ್ಸಿನ ಎಣ್ಣೆಯೆಲ್ಲ ಹೀಗೆ ಇಳಿಯುವುದಿಲ್ಲ. ದೊಡ್ಡ ಪಾಲು ಟಾರ್ಕ್ ಕನ್ವರ್ಟರ್ (ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಒಳಗೇ ಉಳಿಯುತ್ತದೆ. ಎಷ್ಟು ಬಂತೋ, ಜೊತೆಗೆ ಸೋರಿಹೋದದ್ದೆಷ್ಟೋ, ಅಷ್ಟೇ ಮತ್ತೆ ಹಾಕಬೇಕು. ಪುಸ್ತಕದಲ್ಲಿರುವ ಪೂರ್ತಿ ಲೆಕ್ಕ ನೋಡಿ ಸುರಿದರೆ ಉಕ್ಕುತ್ತದೆ.

ಪ್ಯಾನಿನೊಳಗೆ ಏನಿದೆ ನೋಡಿ

ಪ್ಯಾನಿನ ತಳದಲ್ಲಿ ಒಂದೋ ಎರಡೋ ಅಯಸ್ಕಾಂತ ಅಂಟಿಕೊಂಡಿರುತ್ತವೆ. ಅದರ ಮೇಲೆ ಕಾಡಿಗೆಯಂಥ ನುಣ್ಣನೆಯ ಬೂದುಗಪ್ಪು ಪೇಸ್ಟ್ ಇದ್ದರೆ ಗಾಬರಿ ಬೇಡ, ಅದು ವರ್ಷಗಳ ಸವೆತ. ಬೆರಳಿನಲ್ಲಿ ಉಜ್ಜಿ ನೋಡಿ. ಚುಚ್ಚುವ ಚೂರು ಸಿಕ್ಕರೆ, ಹಿತ್ತಾಳೆ ಬಣ್ಣದ ಪುಡಿ ಮಿಂಚಿದರೆ, ಎಣ್ಣೆ ಸುಟ್ಟ ವಾಸನೆ ಹೊಡೆದರೆ ತೊಂದರೆ ಒಳಗಿದೆ. ಆಗ ಆಟೋಮ್ಯಾಟಿಕ್ ಬಿಚ್ಚಿ ಅನುಭವ ಇರುವವರಿಗೆ ತೋರಿಸಿ. ಅಯಸ್ಕಾಂತ ಯಾವ ಜಾಗದಲ್ಲಿತ್ತು ಅಂತ ಫೋಟೋ ತೆಗೆದು, ಒರೆಸಿ, ಅಲ್ಲಿಯೇ ಇಡಿ.

ಫಿಲ್ಟರ್ ತೆಗೆಯುವಾಗ ಅದರ ರಬ್ಬರ್ ರಿಂಗ್ ಕೆಲವೊಮ್ಮೆ ಮೇಲಿನ ತೂತಿನಲ್ಲೇ ಉಳಿದುಬಿಡುತ್ತದೆ. ನೋಡದೆ ಹೊಸದನ್ನು ಒತ್ತಿದರೆ ಎರಡು ರಿಂಗ್ ಆಗಿ ಫಿಲ್ಟರ್ ಸರಿಯಾಗಿ ಕೂರುವುದಿಲ್ಲ. ಪಂಪ್ ಗಾಳಿ ಎಳೆಯುತ್ತದೆ. ಫಿಲ್ಟರಿನ ಬೋಲ್ಟುಗಳು ಬೇರೆ ಬೇರೆ ಉದ್ದ ಇರಬಹುದು. ಒಂದು ರಟ್ಟಿನ ಮೇಲೆ ಫಿಲ್ಟರಿನ ಚಿತ್ರ ಬರೆದು ಆಯಾ ಜಾಗದಲ್ಲಿ ಬೋಲ್ಟ್ ಚುಚ್ಚಿಡಿ.

ಅಂಚೇ ಮುಖ್ಯ

ನನ್ನ ಲೆಕ್ಕದಲ್ಲಿ ಅರ್ಧ ಹೊತ್ತು ಇಲ್ಲೇ ಹೋಗಬೇಕು. ಹೊಸ ಪ್ಯಾಕಿಂಗ್ ಹಾಕಿದ ಮೇಲೂ ಸೋರಿತು ಅನ್ನುವವರಲ್ಲಿ ಹೆಚ್ಚಿನವರು ಈ ಹಂತವನ್ನು ಹಾರಿಸಿರುತ್ತಾರೆ.

ಪ್ಯಾನನ್ನು ಡೀಸೆಲ್ಲಿನಲ್ಲಿ ತೊಳೆದು, ಕೊನೆಗೆ ಬ್ರೇಕ್ ಕ್ಲೀನರ್ ಹೊಡೆದು ಒಣಗಿಸಿ. ಈಗ ಅದನ್ನು ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಮೇಲೆ ಬೋರಲು ಹಾಕಿ. ಮೊದಲು ಪೇಪರ್ ಹಾಸಿ, ಮನೆಯವರ ಒಪ್ಪಿಗೆಯನ್ನೂ ಪಡೆಯಿರಿ. ಅಂಚಿನ ಸುತ್ತ ಟಾರ್ಚ್ ಬಿಟ್ಟು ಎಲ್ಲೆಲ್ಲಿ ಬೆಳಕು ನುಸುಳುತ್ತದೆ ಗಮನಿಸಿ. ಬೋಲ್ಟ್ ತೂತುಗಳ ಸುತ್ತ ತಗಡು ಪ್ಯಾಕಿಂಗ್ ಕಡೆಗೆ ಉಬ್ಬಿರುತ್ತದೆ, ಎರಡು ತೂತಿನ ನಡುವೆ ಸಂದಿ ಕಾಣುತ್ತದೆ. ಅತಿಯಾಗಿ ಬಿಗಿದದ್ದಕ್ಕೆ ಅದೇ ಸಾಕ್ಷಿ. ಬೋಲ್ಟ್ ಇರುವಲ್ಲಿ ಮಾತ್ರ ಒತ್ತಡ, ನಡುವೆ ಏನೂ ಇಲ್ಲ. ಎಣ್ಣೆ ಬರುವುದು ಆ ನಡುವಿನಿಂದ.

ಸರಿ ಮಾಡುವುದು ಸುಲಭ. ಈ ಕೆಲಸಕ್ಕೆ ಗ್ರಾನೈಟ್ ಬೇಡ, ಮರದ ತುಂಡು ತೆಗೆದುಕೊಳ್ಳಿ. ಅಂಚಿನ ಕೆಳಮುಖ, ಅಂದರೆ ಬೋಲ್ಟಿನ ತಲೆ ಕೂರುವ ಕಡೆ, ಮರದ ಮೇಲೆ ಬರಲಿ. ಉಬ್ಬಿದ ಕಡೆಯಿಂದ ಸಣ್ಣ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ. ಪ್ರತಿ ತೂತಿಗೂ ಹೀಗೆ ಮಾಡಿ. ಆಗಾಗ ಸ್ಟೀಲ್ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ ಕೆಳಗೆ ಸಂದಿ ಉಳಿದಿದೆಯಾ ನೋಡಿ. ಅವಸರ ಮಾಡಿದರೆ ಈಚೆ ಬಗ್ಗಿದ್ದು ಆಚೆ ಬಗ್ಗುತ್ತದೆ.

ಪ್ಯಾನಿನ ತಳವನ್ನೂ ನೋಡಿ. ನಮ್ಮೂರಿನ ಹಂಪ್‌ಗಳು ಗೊತ್ತಲ್ಲ, ರಾತ್ರೋರಾತ್ರಿ ಹುಟ್ಟಿಕೊಳ್ಳುತ್ತವೆ, ಬಣ್ಣವೂ ಇರುವುದಿಲ್ಲ. ಅಲ್ಲಿ ತಳ ಬಡಿದು ಪ್ಯಾನ್ ಒಳಕ್ಕೆ ತಗ್ಗಾಗಿದ್ದರೆ ಅದು ಫಿಲ್ಟರಿನ ಬಾಯಿಗೆ ಹತ್ತಿರ ಬಂದು ಎಣ್ಣೆ ಎಳೆಯುವುದನ್ನೇ ತಡೆಯಬಹುದು. ಸಣ್ಣ ತಗ್ಗಾದರೆ ಒಳಗಿನಿಂದ ತಟ್ಟಿ ಹೊರಡಿಸಿ. ತುಕ್ಕು ಹಿಡಿದು ತೆಳುವಾಗಿದ್ದರೆ, ಪಿನ್ ಚುಚ್ಚಿದಂಥ ತೂತಿದ್ದರೆ ಬೇರೆ ಪ್ಯಾನ್ ಹಾಕುವುದೇ ವಾಸಿ. ಎಂ-ಸೀಲ್ ಮೆತ್ತುವುದು ಮನೆ ತಲುಪುವ ಮಟ್ಟಿಗೆ ಮಾತ್ರ. ಹೊಸದು ಸಿಗದ ಮಾಡೆಲ್ಲಾದರೆ ಬೆಂಗಳೂರಿನ ಶಿವಾಜಿನಗರದ ಗುಜರಿಗಳಲ್ಲಿ ಹುಡುಕಿ.

ಮೇಲೆ ಗೇರ್‌ಬಾಕ್ಸಿನ ಕಡೆಯ ಅಂಚನ್ನು ಪ್ಲಾಸ್ಟಿಕ್ ಪಟ್ಟಿಯಲ್ಲಿ ಕೆರೆಯಿರಿ. ಹಳೆಯ ಪ್ಯಾಕಿಂಗಿನ ಚೂರು ಮೇಲಿನ ವಾಲ್ವ್ ಬಾಡಿಗೆ (ಎಣ್ಣೆಯನ್ನು ಬೇಕಾದ ಕಡೆ ಹರಿಸುವ ಭಾಗ) ಸೇರದಂತೆ ನೋಡಿಕೊಳ್ಳಿ. ಉಜ್ಜುವ ಡಿಸ್ಕ್, ಮರಳು ಕಾಗದ ಬೇಡ, ಅದರ ಪುಡಿ ಒಳಗೆ ಹೋದರೆ ಅನಾಹುತ. ನೂಲು ಬಿಡುವ ವೇಸ್ಟ್ ಬಟ್ಟೆಯನ್ನೂ ದೂರ ಇಡಿ. ಮೇಲಿನಿಂದ ಎಣ್ಣೆ ತೊಟ್ಟಿಕ್ಕುತ್ತಲೇ ಇರುತ್ತದೆ. ಒಂದು ಗಂಟೆ ಬಿಟ್ಟು, ಕೂರಿಸುವ ಹೊತ್ತಿಗೆ ಇನ್ನೊಮ್ಮೆ ಒರೆಸಿ.

ಪ್ಯಾಕಿಂಗಾ, ಪೇಸ್ಟಾ?

ಕಂಪನಿ ಏನು ಹಾಕಿತ್ತೋ ಅದೇ ಹಾಕಿ. ರಬ್ಬರ್ ಅಥವಾ ಕಾರ್ಕ್ ಪ್ಯಾಕಿಂಗ್ ಇದ್ದಲ್ಲಿ ಒಣಗಿದ ಅಂಚಿನ ಮೇಲೆ ಪ್ಯಾಕಿಂಗ್ ಮಾತ್ರ. "ಸೇಫ್ಟಿಗೆ ಇರ್ಲಿ" ಅಂತ ಎರಡೂ ಕಡೆ ಅನಾಬಾಂಡ್ ಪೇಸ್ಟ್ ಬಳಿಯುವುದು ನಮ್ಮ ಗ್ಯಾರೇಜುಗಳ ಹಳೇ ಚಾಳಿ. ಪೇಸ್ಟ್ ಮೇಲೆ ಪ್ಯಾಕಿಂಗ್ ಜಾರುತ್ತದೆ, ಬೋಲ್ಟ್ ಒತ್ತಿದಾಗ ಹೊರಕ್ಕೆ ಬರುತ್ತದೆ. ಒಳಕ್ಕೆ ಹಿಸುಕಿದ ಪೇಸ್ಟ್ ಉದುರಿ ಫಿಲ್ಟರಿಗೆ ಅಡ್ಡವಾಗುತ್ತದೆ. ಕೂರಿಸುವಾಗ ಪ್ಯಾಕಿಂಗ್ ಅಲ್ಲಾಡದಿರಲು ನಾಲ್ಕು ಕಡೆ ಚೂರು ವ್ಯಾಸಲೀನ್ ಹಚ್ಚಿದರೆ ಸಾಕು, ಅದು ಎಟಿಎಫ್‌ನಲ್ಲಿ ಕರಗಿಹೋಗುತ್ತದೆ.

ಮಿತ್ಸುಬಿಷಿ ವಿನ್ಯಾಸದ 4 ಸ್ಪೀಡ್ ಬಾಕ್ಸ್ ಇರುವ ಹ್ಯುಂಡೈಗಳಂಥ ಗಾಡಿಗಳಲ್ಲಿ ಪ್ಯಾಕಿಂಗೇ ಇರುವುದಿಲ್ಲ, ಪೇಸ್ಟ್ ಮಾತ್ರ. ಅಲ್ಲಿ ಎಟಿಎಫ್ ತಡೆಯುವ ಆರ್‌ಟಿವಿ (ಗಾಳಿಗೆ ಗಟ್ಟಿಯಾಗುವ ಸಿಲಿಕಾನ್) ಪೇಸ್ಟ್ ಬೇಕು. ಅಂಚು ಎಣ್ಣೆಯ ಪಸೆಯಿಲ್ಲದೆ ಒಣಗಿರಬೇಕು. ಎರಡು ಮೂರು ಎಂಎಂ ದಪ್ಪದ ಒಂದೇ ಗೆರೆ, ಬೋಲ್ಟ್ ತೂತುಗಳ ಒಳಬದಿಯಿಂದ, ಎಲ್ಲೂ ತುಂಡಾಗದಂತೆ ಎಳೆಯಿರಿ. ಟ್ಯೂಬಿನ ಮೇಲೆ ಹೇಳಿದ ಹೊತ್ತಿನೊಳಗೆ ಕೂರಿಸಿಬಿಡಿ. ಪೂರ್ತಿ ಗಟ್ಟಿಯಾಗುವ ತನಕ ಎಣ್ಣೆ ಹಾಕಬೇಡಿ.

ಅಪರೂಪದ ಗಾಡಿಗೆ ಪ್ಯಾಕಿಂಗ್ ಸಿಗದಿದ್ದರೆ ಕಾರ್ಕ್-ರಬ್ಬರ್ ಶೀಟ್ ತಂದು ನೀವೇ ಕತ್ತರಿಸಿಕೊಳ್ಳಬಹುದು. ಪ್ಯಾನಿನ ಅಂಚಿಗೆ ತೆಳ್ಳಗೆ ಗ್ರೀಸ್ ಸವರಿ ಬಿಳಿ ಹಾಳೆಯ ಮೇಲೆ ಒತ್ತಿದರೆ ತೂತು ಸಮೇತ ಅಚ್ಚು ಮೂಡುತ್ತದೆ. ಅದನ್ನು ಶೀಟಿಗೆ ಅಂಟಿಸಿ ಬ್ಲೇಡಿನಲ್ಲಿ ಕತ್ತರಿಸಿ. ಬೋಲ್ಟ್ ತೂತನ್ನು ಪಂಚ್‌ನಲ್ಲೇ ಹೊಡೆಯಬೇಕು, ಬ್ಲೇಡಿನಲ್ಲಿ ಮಾಡಿದರೆ ಮೂಲೆ ಸೀಳುತ್ತದೆ.

ಬಿಗಿ ಮಾಡುವುದು, ಅಂದರೆ ಬಿಗಿ ಮಾಡದಿರುವುದು

ಎಲ್ಲ ಬೋಲ್ಟೂ ಮೊದಲು ಬೆರಳಿನಲ್ಲೇ ಹೋಗಬೇಕು. ಹೋಗದಿದ್ದರೆ ತಡೆಯಿರಿ, ಥ್ರೆಡ್ ಅಡ್ಡ ಹತ್ತಿದೆ. ಎಲ್ಲ ಕೂತ ಮೇಲೆ ನಡುವಿನಿಂದ ಮೂಲೆಗಳ ಕಡೆಗೆ, ಒಂದು ಈ ಬದಿ ಒಂದು ಆ ಬದಿ, ಎರಡು ಮೂರು ಸುತ್ತಿನಲ್ಲಿ ಬಿಗಿ ಮಾಡುತ್ತ ಬನ್ನಿ.

ನಿಮ್ಮ ಗಾಡಿಯ ಬೋಲ್ಟ್ ಎಷ್ಟು ಬಿಗಿಯಬೇಕು ಅನ್ನುವ ಅಳತೆ ಸರ್ವಿಸ್ ಪುಸ್ತಕದಲ್ಲಿರುತ್ತದೆ. ಹೆಚ್ಚಿನವು 5ರಿಂದ 12 ನ್ಯೂಟನ್ ಮೀಟರ್ ಒಳಗೇ ಬರುತ್ತವೆ. 8 ನ್ಯೂಟನ್ ಮೀಟರ್ ಅಂದರೆ ಎಷ್ಟು ಅಂತ ಕೈಗೆ ಗೊತ್ತಾಗಬೇಕಾದರೆ, 20 ಸೆಂಟಿಮೀಟರ್ ಉದ್ದದ ಹಿಡಿಕೆಯ ತುದಿಗೆ 4 ಕೆಜಿ ತೂಕ ನೇತುಹಾಕಿದಷ್ಟು. ಅಷ್ಟೇ! ಚಕ್ರದ ನಟ್ ಬಿಗಿದು ಪಳಗಿದ ಕೈಗೆ ಇದು ಸಡಿಲ ಅನ್ನಿಸುತ್ತದೆ, ಇನ್ನೂ ಒಂದು ಕಾಲು ಸುತ್ತು ಹಾಕೋಣ ಅನ್ನಿಸುತ್ತದೆ. ಹಾಕಬೇಡಿ. ಟಾರ್ಕ್ ರೆಂಚ್ ಇಲ್ಲದವರು ಸ್ಕ್ರೂಡ್ರೈವರ್ ಹಿಡಿಕೆಗೆ 10 ಎಂಎಂ ಸಾಕೆಟ್ ಹಾಕಿ ಮಣಿಕಟ್ಟಿನ ಬಲದಲ್ಲೇ ತಿರುಗಿಸಲಿ. ಅದರಲ್ಲಿ ಅತಿಯಾಗಿ ಬಿಗಿಯುವುದು ಕಷ್ಟ.

ಹಿಂದಿನವರು ಥ್ರೆಡ್ ಹಾಳು ಮಾಡಿದ್ದರೆ ಆ ಬೋಲ್ಟ್ ಸುಮ್ಮನೆ ಸುತ್ತುತ್ತಿರುತ್ತದೆ. ಟೆಫ್ಲಾನ್ ಟೇಪ್ ಸುತ್ತಿ ತುರುಕಬೇಡಿ. ಹೆಲಿಕಾಯಿಲ್ (ಹಾಳಾದ ಥ್ರೆಡ್ ಜಾಗಕ್ಕೆ ಹಾಕುವ ತಂತಿಯ ಸುರುಳಿ) ಹಾಕುವವರನ್ನು ಕರೆಸಿ.

ಎಣ್ಣೆ ತುಂಬಿ ಮಟ್ಟ ನೋಡುವುದು

ಅಳೆದಿಟ್ಟ ಲೆಕ್ಕಕ್ಕಿಂತ ಅರ್ಧ ಲೀಟರ್ ಕಡಿಮೆ ಹಾಕಿ. ಗಾಡಿ ಕೆಳಗಿಳಿಸಿ, ಸ್ಟಾರ್ಟ್ ಮಾಡಿ. ಬ್ರೇಕ್ ಒತ್ತಿ ಹಿಡಿದು ಲಿವರನ್ನು ಪಾರ್ಕಿನಿಂದ ರಿವರ್ಸ್, ನ್ಯೂಟ್ರಲ್, ಡ್ರೈವ್ ಎಲ್ಲಕ್ಕೂ ಹಾಕಿ, ಪ್ರತಿಯೊಂದರಲ್ಲೂ ಕೆಲವು ಸೆಕೆಂಡ್ ನಿಲ್ಲಿಸಿ ವಾಪಸ್ ತನ್ನಿ. ಆಮೇಲೆ ಸ್ವಲ್ಪ ಸ್ವಲ್ಪವೇ ಸೇರಿಸಿ.

ಮಟ್ಟ ನೋಡುವ ಪದ್ಧತಿ ಗಾಡಿಯಿಂದ ಗಾಡಿಗೆ ಬೇರೆ. ಟೊಯೋಟಾಗಳಲ್ಲಿ ಎಣ್ಣೆ ಬಿಸಿಯಾದ ಮೇಲೆ ಎಂಜಿನ್ ಓಡುತ್ತಿರುವಾಗ ಪಾರ್ಕಿನಲ್ಲಿ ನೋಡುತ್ತಾರೆ. ಎಸ್‌ಪಿ-3 ಕುಡಿಯುವ ಹ್ಯುಂಡೈಗಳಲ್ಲಿ ನ್ಯೂಟ್ರಲ್‌ನಲ್ಲಿ. ಹಳೆಯ ಹೋಂಡಾಗಳಲ್ಲಿ ಬಿಸಿ ಮಾಡಿ ಎಂಜಿನ್ ಆಫ್ ಮಾಡಿದ ಕೂಡಲೇ. ಆ 5 ಸ್ಪೀಡ್ ಮರ್ಸಿಡಿಸ್‌ಗಳಲ್ಲಿ ಟ್ಯೂಬ್ ಇರುತ್ತದೆ, ಕಡ್ಡಿಯೇ ಇರುವುದಿಲ್ಲ, ಬೇರೆ ತರಬೇಕು. ಕಡ್ಡಿಯ "ಹಾಟ್" ಗುರುತನ್ನು ನಂಬಿ. ಮನೆಯಿಂದ ಒಂದು ಸುತ್ತು ಹೋಗಿ ಬಂದು ಗಾಡಿ ಚೆನ್ನಾಗಿ ಬಿಸಿಯಾದ ಮೇಲಿನ ಮಟ್ಟವೇ ಸರಿಯಾದ ಮಟ್ಟ.

ಮತ್ತೆ ಪೌಡರ್ ಎರಚಿ, ರಾತ್ರಿ ಕೆಳಗೆ ರಟ್ಟು ಹಾಸಿಡಿ. ಬೆಳಿಗ್ಗೆ ರಟ್ಟು ಒಣಗಿದ್ದರೆ ಸರಿ. ಕಾರ್ಕ್ ಪ್ಯಾಕಿಂಗ್ ಆದರೆ ಒಂದು ವಾರ ಓಡಿಸಿ, ಗಾಡಿ ತಣ್ಣಗಿರುವಾಗ ಅದೇ ಅಳತೆಗೆ ಟಾರ್ಕ್ ರೆಂಚ್ ಒಮ್ಮೆ ಆಡಿಸಿ ನೋಡಿ. ಪೇಸ್ಟ್ ಹಾಕಿದ್ದರೆ ಮತ್ತೆ ಮುಟ್ಟಲೇಬೇಡಿ, ಗಟ್ಟಿಯಾದ ಪದರ ಬಿಟ್ಟುಕೊಳ್ಳುತ್ತದೆ.

ಕೆಲಸ ಮಾಡಲು ಪುರುಸೊತ್ತಿಲ್ಲ ಅಂತ ಸೋರುತ್ತಲೇ ಓಡಿಸುತ್ತಿರುವವರು ಒಂದು ಗಮನದಲ್ಲಿಡಿ. ಡ್ರೈವ್ ಹಾಕಿದ ಮೇಲೆ ಗಾಡಿ ತಡವಾಗಿ ಎಳೆದರೆ, ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಕೂಗಿ ವೇಗ ಬಾರದಿದ್ದರೆ, ಎಣ್ಣೆ ಆಗಲೇ ತೀರಾ ಕಡಿಮೆಯಾಗಿದೆ. ಅಲ್ಲೇ ನಿಲ್ಲಿಸಿ. ಹಗ್ಗ ಕಟ್ಟಿ ಎಳೆಸಬೇಡಿ, ಪಂಪ್ ತಿರುಗದೆ ಗೇರ್‌ಬಾಕ್ಸ್ ಒಣಗಿ ಸವೆಯುತ್ತದೆ. ಗಾಡಿಯನ್ನು ಪೂರ್ತಿ ಮೇಲೆ ಹೊತ್ತೊಯ್ಯುವ ಟೋಯಿಂಗ್ ಲಾರಿ ಕರೆಸಿ.

ಹಳೇ ಎಣ್ಣೆಯನ್ನು ಚರಂಡಿಗೆ ಸುರಿಯಬೇಡಿ. ನಮ್ಮ ಮೋರಿಗಳೆಲ್ಲ ರಾಜಕಾಲುವೆ ಸೇರುತ್ತವೆ, ರಾಜಕಾಲುವೆ ಕೆರೆಗೆ. ಬಳಸಿದ ಎಣ್ಣೆ 2016ರ ನಿಯಮದ ಪ್ರಕಾರ ಅಪಾಯಕಾರಿ ತ್ಯಾಜ್ಯ, ಕಸದ ಆಟೋಗೂ ಕೊಡುವಂತಿಲ್ಲ. ಹೊಸ ಎಟಿಎಫ್ ಬಂದ ಡಬ್ಬಿಗಳಲ್ಲೇ ತುಂಬಿ, ಮುಚ್ಚಳ ಬಿಗಿ ಮಾಡಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ರೀಸೈಕಲ್ ಘಟಕಕ್ಕೆ ಎಣ್ಣೆ ಕಳಿಸುವ ಸರ್ವಿಸ್ ಸೆಂಟರಿಗೆ ಕೊಟ್ಟುಬನ್ನಿ. ಕೊಡುವ ಮೊದಲು ಕೇಳಿ, ಕೆಲವರು ತೆಗೆದುಕೊಳ್ಳುವುದಿಲ್ಲ.